ಕಾಲಿಲ್ಲದ ಸೊಸೆ

ಮೊನ್ನೆ ಒಲೆಯ ಮೇಲೆ ಕೋಬೀಜು, ಅಂದರೆ ಎಲೆಕೋಸು, ಬೇಯಲಿಟ್ಟು ತಂಗಿಯ ಜೊತೆ ಫೋನಿನಲ್ಲಿ ಮಾತಿಗೆ ಕುಳಿತೆ. ನಮ್ಮಿಬ್ಬರ ಮಾತು ನಿಮಗೆ ಗೊತ್ತಿಲ್ಲ. ಉಪ್ಪಿನಕಾಯಿಯಿಂದ ಶುರುವಾದರೆ ಸತ್ತವರ ಸುದ್ದಿಯವರೆಗೆ ಹೋಗಿ, ಅಲ್ಲಿಂದ ಮತ್ತೆ ಉಪ್ಪಿನಕಾಯಿಗೇ ಬರುತ್ತದೆ. ಎದ್ದು ನೋಡಿದರೆ ಪಾತ್ರೆಯ ನೀರೆಲ್ಲ ಇಂಗಿ, ಕೋಬೀಜು ತಳ ಹಿಡಿದು, ಮನೆತುಂಬ ನಾತ. ಆಗಷ್ಟೇ ಕೆಲಸದಿಂದ ಬಂದ ಸೊಸೆ ಮೂಗು ಮುಚ್ಚಿಕೊಂಡು ಇದ್ದಬದ್ದ ಕಿಟಕಿಗಳನ್ನೆಲ್ಲ ತೆರೆದಳು. ನಾನು ಮಾತ್ರ ಪಾತ್ರೆ ಹಿಡಿದು ನಿಂತೇ ಇದ್ದೆ. ಅವಳಿಗದು ಕೋಬೀಜಿನ ನಾತ, ನನಗೆ ದಾಂಡೇಲಿಯ ನಾತ.

ಕಾಗದದ ಕಾರ್ಖಾನೆ ಶುರುವಾದ ಹೊಸದರಲ್ಲಿ ದಾಂಡೇಲಿಯಲ್ಲಿ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಡಿನಿಂದ ಲಾರಿಗಟ್ಟಲೆ ಬಿದಿರು ಬಂದು ಬೀಳುತ್ತಿತ್ತು. ಅದನ್ನು ಕೊಚ್ಚಿ, ಅದೇನೇನೋ ಹಾಕಿ ಬೇಯಿಸುವಾಗ ಏಳುವ ವಾಸನೆ ಊರನ್ನೆಲ್ಲ ಹೊಕ್ಕು, ಗಾಳಿ ತಿರುಗಿದರೆ ಕಾಳಿ ನದಿಯ ಆಚೆ ದಂಡೆಗೂ ದಾಟುತ್ತಿತ್ತು. ಮದುವೆಯಾಗಿ ಬಂದ ಮೊದಲ ದಿನಗಳಲ್ಲಿ ನಾನು ಸೆರಗನ್ನು ಮೂಗಿಗೆ ಒತ್ತಿ ಹಿಡಿದೇ ಊಟ ಮಾಡುತ್ತಿದ್ದೆ. ಆಮೇಲೆ ಒಮ್ಮೆ ತವರಿಗೆಂದು ಧಾರವಾಡಕ್ಕೆ ಹೋದರೆ ಅಲ್ಲಿಯ ಗಾಳಿಗೆ ಏನೂ ವಾಸನೆಯೇ ಇಲ್ಲ, ಅವ್ವನ ಪಲ್ಯಕ್ಕೆ ರುಚಿಯೇ ಇಲ್ಲ! ಮನುಷ್ಯನ ಮೂಗು ಇಷ್ಟು ಬೇಗ ತವರು ಮರೆಯುತ್ತದೆಂದು ಆಗ ಗೊತ್ತಾಯಿತು.

ಆದರೆ ನಾನು ಹೇಳಹೊರಟದ್ದು ಮೂಗಿನ ಕಥೆಯಲ್ಲ, ಕಣ್ಣಿನದು. ನಮ್ಮ ಅತ್ತೆಯ ಕಣ್ಣಿನದು. ಒಂದು ಕಣ್ಣನ್ನು ನಾವೆಲ್ಲ ಸೇರಿ ಕಾಯುತ್ತ ಕುಳಿತು ಕಳೆದೆವು. ಇನ್ನೊಂದು ಹೋಗುತ್ತಿರುವಾಗ ಅತ್ತೆ ಬಾಯಿ ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎಂಬುದನ್ನು ಇಷ್ಟು ವರ್ಷ ನಾನು ಯಾರಿಗೂ ಸರಿಯಾಗಿ ಹೇಳಿಲ್ಲ. ಹೇಳಿದರೆ ನಗುತ್ತಾರೆ. ನೀವೂ ನಗಬಹುದು, ನಾನೂ ಮೊದಲು ನಕ್ಕವಳೇ.

ಅತ್ತೆಯ ಹೆಸರು ನೀಲವ್ವ. ಹಳಿಯಾಳದ ಹತ್ತಿರದ ಹಳ್ಳಿಯವರು. ಮಾವನವರು ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದರು. ದೊಡ್ಡ ಮಗ ಊರಲ್ಲಿ ಹೊಲ ನೋಡಿಕೊಂಡರೆ, ಸಣ್ಣ ಮಗ, ಅಂದರೆ ನಮ್ಮ ಮನೆಯವರು, ಕಾರ್ಖಾನೆಗೆ ಸೇರಿದ್ದರು. “ಹೊಸಾ ಹುಡುಗಿ, ಅಡವ್ಯಾಗಿನ ಊರು, ಪಾಳಿ ಕೆಲಸದ ಗಂಡ. ಒಬ್ಬಾಕೀನ ಇದ್ರ ಅಂಜ್ತಾಳ” ಎಂದು ಅತ್ತೆ ತಾವಾಗಿಯೇ ಗಂಟು ಕಟ್ಟಿಕೊಂಡು ನಮ್ಮ ಜೊತೆ ಬಂದರು. ಅವರ ಮಾತು ಸುಳ್ಳೇನಲ್ಲ. ನನ್ನಂಥ ಪುಕ್ಕಲಿ ಏಳೂರು ಹುಡುಕಿದರೂ ಸಿಗುತ್ತಿರಲಿಲ್ಲ. ಹಿತ್ತಲಲ್ಲಿ ಒಣಹಾಕಿದ ನನ್ನದೇ ಸೀರೆ ಮುಸ್ಸಂಜೆಯಲ್ಲಿ ಅಲುಗಿದರೆ ಒಳಗೆ ಓಡಿಬಂದು ಅತ್ತೆಯ ಮಗ್ಗುಲಲ್ಲಿ ಕೂರುತ್ತಿದ್ದೆ.

ನನ್ನ ಅಂಜಿಕೆಗೆಂದೇ ಅತ್ತೆ ಮನೆಗೆ ಕಾವಲು ಕಟ್ಟಿದರು. ಹೊಸ್ತಿಲಿಗೆ ಕುದುರೆಯ ಹಳೆಯ ಲಾಳ ಬಡಿಸಿದರು. ಬಾಗಿಲಿಗೆ ಲಿಂಬೆಹಣ್ಣು, ಹಸಿಮೆಣಸಿನಕಾಯಿ ಪೋಣಿಸಿ ಕಟ್ಟಿದರು. ಸಂಜೆಯಾದರೆ ಕೆಂಡದ ಮೇಲೆ ಲೋಬಾನ ಹಾಕಿ ಮೂಲೆಮೂಲೆಗೂ ಹೊಗೆ ತೋರಿಸುತ್ತಿದ್ದರು. ಇಷ್ಟೆಲ್ಲ ಮಾಡಿ ಧೈರ್ಯಕ್ಕೆ ಒಂದು ಉಪದೇಶ ಬೇರೆ.

“ಯಾರರ ಬಾಗಲದಾಗ ನಿಂತ್ರ ಮಾರಿ ನೋಡಬ್ಯಾಡ ತಂಗಿ. ಮಾರಿ ಯಾರದರ ಹಾಕ್ಕೊಂಡು ಬರ್ತಾವ ಅವು. ಮೊದಲ ನೆಲಾ ನೋಡು. ಕಾಲಿದ್ರ ಮನಷ್ಯಾರು. ಕಾಲಿಲ್ಲಂದ್ರ ಸತ್ತಾರು.”

ಮುಖ ಬಿಟ್ಟು ಕಾಲು ನೋಡೆಂಬ ಈ ಉಪದೇಶದಿಂದ ನನಗೆ ಧೈರ್ಯ ಬರಲಿಲ್ಲ. ಹಾಲಿನವನು, ಪೋಸ್ಟಿನವನು ಯಾರೇ ಬಂದರೂ ಅವರ ಕಾಲನ್ನೇ ದಿಟ್ಟಿಸುವ ಚಟ ಮಾತ್ರ ಹತ್ತಿತು. ಹೊಸ ಸೊಸೆ ಎಂಥ ನಾಚಿಕೆಯವಳು, ತಲೆಯೆತ್ತಿ ನೋಡುವುದೇ ಇಲ್ಲ ಎಂದು ಓಣಿಯಲ್ಲಿ ನನಗೆ ಒಳ್ಳೆಯ ಹೆಸರು ಬಂತು.

ಆ ವರ್ಷದ ಮಳೆಗಾಲದಲ್ಲಿ ನನಗೆ ಜ್ವರ ಬಂತು. ಕಾಡಿನೂರಿನ ಜ್ವರ ಅಂದರೆ ಸುಮ್ಮನಲ್ಲ. ಚಳಿ ಬಂದರೆ ಹಲ್ಲು ಕಟಕಟ ಎನ್ನುತ್ತಿತ್ತು, ಕಾವು ಏರಿದರೆ ಬಾಯಿಗೆ ಬಂದದ್ದೆಲ್ಲ ಮಾತಾಡುತ್ತಿದ್ದೆನಂತೆ. ಒಂದು ಮಧ್ಯಾಹ್ನ ಮೈಯೆಲ್ಲ ತಣ್ಣಗಾಗಿ, ಉಸಿರಿದೆಯೋ ಇಲ್ಲವೋ ತಿಳಿಯದಂತಾಗಿ, ಅತ್ತೆ ನನ್ನ ಮೂಗಿನ ಮುಂದೆ ಹತ್ತಿಯ ಎಳೆ ಹಿಡಿದು ನೋಡಿದರಂತೆ. ನಮ್ಮ ಮನೆಯವರು ಡಾಕ್ಟರನ್ನು ಕರೆತರುವಷ್ಟರಲ್ಲಿ ನಾನು ಕಣ್ಣುಬಿಟ್ಟು ನೀರು ಕೇಳಿದ್ದೆ. ಅಲ್ಲಿಂದ ನಿಧಾನವಾಗಿ ಸುಧಾರಿಸಿದೆ. ಹಾಸಿಗೆಯಿಂದ ಎದ್ದ ದಿನ ಕನ್ನಡಿ ನೋಡಿಕೊಂಡರೆ ನನ್ನ ಬಣ್ಣ ಅದೇ ಕಾರ್ಖಾನೆಯ ಕಾಗದದ ಹಾಗಿತ್ತು.

ನಾನು ಏಳುವ ಹೊತ್ತಿಗೆ ಅತ್ತೆ ಕುಸಿಯತೊಡಗಿದರು. ಎಡಬಿಡದೆ ತಲೆಶೂಲೆ. ಕಣತಲೆಗೆ ಬೆರಳು ತಾಗಿಸಗೊಡುತ್ತಿರಲಿಲ್ಲ, ಬಾಚಣಿಕೆ ಕಂಡರೆ ಹೌಹಾರುತ್ತಿದ್ದರು. ಊಟಕ್ಕೆ ಕುಳಿತರೆ ರೊಟ್ಟಿಯನ್ನು ಸ್ವಲ್ಪ ಅಗಿದು, ದವಡೆ ಹಿಡಿದುಕೊಂಡು ಸುಮ್ಮನಾಗುತ್ತಿದ್ದರು. ಮತ್ತೆ ಸ್ವಲ್ಪ ಅಗಿಯುತ್ತಿದ್ದರು. ಕಡೆಗೆ ರೊಟ್ಟಿಯನ್ನು ಸಾರಿನಲ್ಲಿ ನೆನೆಹಾಕಿ ನುಂಗತೊಡಗಿದರು. ಇದಕ್ಕೆ ಕಾರಣ ಹುಡುಕಲು ಯಾರೂ ದೂರ ಹೋಗಲಿಲ್ಲ. ನಾನು ಬಡಿಯುವ ರೊಟ್ಟಿ ಎಂಥದೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. “ನಿನ್ನ ರೊಟ್ಟೀಲೆ ಮನಿ ಕಟ್ಟಬಹುದು ನೋಡು” ಎಂದು ನಮ್ಮವರು ನಗುತ್ತಿದ್ದರು. ನಾನು ಸಿಟ್ಟಿನಿಂದ ಹಿಟ್ಟನ್ನು ಇನ್ನಷ್ಟು ನಾದಿ ನಾದಿ ಕೈ ಸೋಲಿಸಿಕೊಂಡೆ.

ದಸರೆ ಕಳೆಯುವಷ್ಟರಲ್ಲಿ ಅತ್ತೆಯ ಬಲಗಣ್ಣು ಮಬ್ಬಾಯಿತು. ಒಂದು ಬೆಳಿಗ್ಗೆ ಎದ್ದವರು, “ಈ ಕಣ್ಣಾಗ ಏನೂ ಇಲ್ಲದಂಗಾಗೇತಿ” ಎಂದರು, ಡಬ್ಬಿಯಲ್ಲಿ ಸಕ್ಕರೆ ಇಲ್ಲ ಎನ್ನುವಷ್ಟೇ ಸಹಜವಾಗಿ. ನಾವು ಯಾರೂ ಗಾಬರಿಯಾಗಲಿಲ್ಲ. ವಯಸ್ಸಾದವರಿಗೆ ಕಣ್ಣು ಮಂಜಾದರೆ ಅದು ಪೊರೆ. ಪೊರೆ ಹಣ್ಣಾಗಬೇಕು, ಹಣ್ಣಾದಮೇಲೆ ಡಾಕ್ಟರು ತೆಗೆಯುತ್ತಾರೆ. ಕಾಯಿದ್ದಾಗ ಹೋದರೆ ಬೈದು ಕಳಿಸುತ್ತಾರೆ. ಇದು ಆಗ ಊರಿಗೆಲ್ಲ ಗೊತ್ತಿದ್ದ ಶಾಸ್ತ್ರ. ಅತ್ತೆಯ ಅವ್ವನಿಗೂ ಹಾಗೇ ಆಗಿತ್ತು, ಚಿಕ್ಕವ್ವನಿಗೂ ಆಗಿತ್ತು. ಪಕ್ಕದ ಮನೆಯ ಶಾಂತಾಬಾಯಿ ಬೆಳಗಾವಿ ಕಡೆಯವಳು. ಅವಳಂತೂ ಬಂದು ಅತ್ತೆಯ ರೆಪ್ಪೆ ಎತ್ತಿ ನೋಡಿ, “ಅಗ ಬಾಯಿ, ಮೋತಿಬಿಂದು ಇದು. ಇನ್ನೂ ಕಚ್ಚಾ ಐತಿ, ಹಣ್ಣಾಗ್ಲಿ” ಎಂದು ಮಾವಿನಕಾಯಿ ನೋಡಿದವಳಂತೆ ತೀರ್ಪು ಕೊಟ್ಟಳು. ಬೇಸಿಗೆಗೆ ಹುಬ್ಬಳ್ಳಿಗೆ ಹೋಗಿ ತೆಗೆಸಿದರಾಯಿತು ಎಂದು ನಿರ್ಧಾರವಾಯಿತು.

ಅಲ್ಲಿಂದ ಮುಂದಿನದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಮೊದಲು ನನ್ನ ಗಮನಕ್ಕೆ ಬಂದದ್ದು ಅತ್ತೆ ನನ್ನನ್ನು ನೋಡುವ ರೀತಿ. ನಾನು ಚಹಾ ತಂದು ನಿಂತರೆ ಮುಖ ನೋಡುತ್ತಿದ್ದರು, ಆಮೇಲೆ ಕಣ್ಣನ್ನು ಕೆಳಗಿಳಿಸಿ ನನ್ನ ಸೀರೆಯ ಅಂಚಿನ ಕಡೆ ನೋಡುತ್ತಿದ್ದರು. ಅಲ್ಲಿಯೇ ದೃಷ್ಟಿ ನೆಟ್ಟು ಎಷ್ಟೋ ಹೊತ್ತು ಕೂರುತ್ತಿದ್ದರು. ನಂತರ ಚಹಾ ತೆಗೆದುಕೊಂಡು ತೀರ ಮೆತ್ತಗಿನ ದನಿಯಲ್ಲಿ, “ಉಂಡೀಯೇನ ತಂಗಿ?” ಎನ್ನುತ್ತಿದ್ದರು. ಬೆಳಗಿನ ಚಹಾದ ಹೊತ್ತಿಗೆ ಊಟದ ಮಾತು! ನಾನು ಹೂಂ ಎಂದರೆ, “ಹಸಿವಿ ಆಗ್ತೈತಿ ಹೌದಿಲ್ಲೋ? ರುಚಿ ಹತ್ತತೈತಿ ಹೌದಿಲ್ಲೋ?” ಎಂದು ಮತ್ತೆ ಕೇಳುತ್ತಿದ್ದರು. ಜ್ವರದಿಂದ ಎದ್ದ ಸೊಸೆಯ ಮೇಲಿನ ಕಾಳಜಿ ಎಂದುಕೊಂಡೆ.

ಒಂದು ದಿನ ಕೈಪೆಟ್ಟಿಗೆ ತೆಗೆದು ತಮ್ಮ ಹಳೆಯ ಬೆಳ್ಳಿಯ ಕಾಲ್ಗೆಜ್ಜೆ ಹೊರಗೆ ತೆಗೆದರು. ದಪ್ಪನೆಯವು, ನಡೆದರೆ ಓಣಿಯ ತುದಿಗೆ ಕೇಳುವಂಥವು. “ಹಾಕ್ಕೋ. ತಗೀಬ್ಯಾಡ. ಮಂದಿ ಮುಂದ ಜೋರಾಗಿ ಹೆಜ್ಜಿ ಇಟ್ಟು ಅಡ್ಡಾಡು” ಎಂದರು. ನನಗೆ ನೆಲವೇ ಸಿಗದಷ್ಟು ಹಿಗ್ಗು. ದೊಡ್ಡ ಸೊಸೆಗೆ ಕೊಡದೆ ನನಗೆ ಕೊಟ್ಟರಲ್ಲ! ಶಾಂತಾಬಾಯಿಯ ಮನೆಮುಂದೆ ಸುಮ್ಮಸುಮ್ಮನೆ ಹೋಗಿಬಂದೆ. ನಮ್ಮವರು, “ಎತ್ತಿನ ಗಾಡಿ ಬಂತಂತ ತಿಳದ್ನಿ” ಎಂದು ಚೇಷ್ಟೆ ಮಾಡಿದರೂ ತೆಗೆಯಲಿಲ್ಲ.

ಆಮೇಲೆ ಮನೆಯ ಕಾವಲು ಒಂದೊಂದಾಗಿ ಕಳಚತೊಡಗಿತು. ಲಿಂಬೆಹಣ್ಣು ಒಣಗಿತೆಂದು ಬಿಚ್ಚಿದ ಅತ್ತೆ ಹೊಸದು ಕಟ್ಟಲಿಲ್ಲ. ಸಂಜೆಯ ಲೋಬಾನ ನಿಂತಿತು. “ಹೊಗಿ ಆಗಿಬರೂದಿಲ್ಲ” ಎಂದರು. ಯಾರಿಗೆ ಎಂದು ಹೇಳಲಿಲ್ಲ. ಒಂದು ಮಧ್ಯಾಹ್ನ ನಾನು ನಳದಿಂದ ನೀರು ತುಂಬಿಕೊಂಡು ಬಂದರೆ ಅತ್ತೆ ಹೊಸ್ತಿಲ ಬಳಿ ಕುಕ್ಕರಗಾಲಲ್ಲಿ ಕುಳಿತಿದ್ದಾರೆ. ಎಡಗೈಯಿಂದ ತಡವರಿಸುತ್ತ, ಬಲಗೈಯಲ್ಲಿ ಹಿಡಿದ ಒರಳುಗುಂಡಿನಿಂದ ಲಾಳವನ್ನು ಬಡಿದು ಬಡಿದು ಕೀಳುತ್ತಿದ್ದಾರೆ. ಬೆರಳಿಗೆ ಪೆಟ್ಟಾಗಿ ರಕ್ತ ಒಸರುತ್ತಿತ್ತು.

“ಯಾಕ್ರಿ ಅತ್ತೀ, ಅದನ್ಯಾಕ ಕೀಳಾಕತ್ತೀರಿ?”

“ಹಾದು ಹೋಗಾವರಿಗೆ ತ್ರಾಸ ಆಗಬಾರದು” ಎಂದರು. ಲಾಳ ಕಿತ್ತು ಬಂದಾಗ ಪಕ್ಕಕ್ಕೆ ಸರಿದು, ನನ್ನ ಮುಖ ನೋಡಿ, “ಬಾ, ಇನ್ನ ಒಳಗ ಬಾ” ಎಂದರು.

ಆ ಹಗಲ ಬಿಸಿಲಿನಲ್ಲೂ ನನಗೆ ಚಳಿಯಾಯಿತು. ಅತ್ತೆ ಯಾರನ್ನೋ ಮನೆಯೊಳಗೆ ಬಿಟ್ಟುಕೊಳ್ಳುತ್ತಿದ್ದಾರೆ ಎಂದು ನನ್ನ ಪುಕ್ಕಲು ಬುದ್ಧಿಗೆ ಖಾತ್ರಿಯಾಯಿತು. ಅದರ ನಂತರ ನಾನು ಮನೆಯಲ್ಲಿ ಬೆನ್ನನ್ನು ಗೋಡೆಗೆ ಹಚ್ಚಿಯೇ ಓಡಾಡುತ್ತಿದ್ದೆ. ನಾನು ಯಾರಿಗೆ ಅಂಜುತ್ತಿದ್ದೆನೋ ಅದು ನಾನೇ ಎಂಬುದು ನನಗೆ ಹೇಗೆ ತಿಳಿಯಬೇಕು?

ಇಷ್ಟರಲ್ಲಿ ಪೂಜೆಯದೊಂದು ಸುದ್ದಿಯಾಯಿತು. ಅತ್ತೆ ದಿನಾ ಬೆಳಿಗ್ಗೆ ಮಿಂದು, ಹಣೆಗೆ ವಿಭೂತಿ ಹಚ್ಚಿ, ಕೊರಳ ಇಷ್ಟಲಿಂಗವನ್ನು ಎಡಗೈಯ ಅಂಗೈಯಲ್ಲಿಟ್ಟು, ಅದನ್ನೇ ನೆಟ್ಟ ನೋಟದಿಂದ ನೋಡುತ್ತ ಕೂರುತ್ತಿದ್ದರು. ಮೊದಲೆಲ್ಲ ಆ ಕೈ ಎದೆಯ ಮಟ್ಟದಲ್ಲಿರುತ್ತಿತ್ತು. ಈಗ ಅದು ಮೇಲೇರತೊಡಗಿತು. ಗದ್ದದವರೆಗೆ ಬಂತು. ಕೆಲವು ದಿನ ಕಳೆದಮೇಲೆ ಮೂಗಿನವರೆಗೆ. ಆಮೇಲೆ ಹುಬ್ಬಿನ ಮಟ್ಟಕ್ಕೆ ಹೋಯಿತು. ಕೈ ಸೋತರೆ ಬಲಗೈಯಿಂದ ಆನಿಸುತ್ತಿದ್ದರು, ಕಣ್ಣಿಂದ ನೀರು ಇಳಿಯುತ್ತಿತ್ತು, ಆದರೂ ಇಳಿಸುತ್ತಿರಲಿಲ್ಲ.

ಹಿತ್ತಲ ಕಿಟಕಿಯಿಂದ ಇದನ್ನು ಕಂಡ ಶಾಂತಾಬಾಯಿ ಸುಮ್ಮನಿರುವವಳೇ? “ನಿಮ್ಮ ಅತ್ತಿ ಸಾಧಾರಣ ಹೆಣಮಗಳಲ್ಲ. ದೇವರು ಮ್ಯಾಲೆ ಮ್ಯಾಲೆ ಕರಕೊಳ್ಳಾಕತ್ತಾನ” ಎಂದಳು. ನಮ್ಮ ಸಾಲುಮನೆಗಳ ಚಾಳಿನ ಹೆಂಗಸರು ಬೆಳಿಗ್ಗೆ ಬಾಗಿಲಲ್ಲಿ ನಿಂತು ಕೈ ಮುಗಿದು ಹೋಗತೊಡಗಿದರು. ಮಕ್ಕಳಿಗೆ ದೃಷ್ಟಿಯಾದರೆ ತಂದು ಅತ್ತೆಯ ಮುಂದೆ ಮಲಗಿಸುತ್ತಿದ್ದರು. ಅತ್ತೆ ಕೆಳಗೆ ನೋಡುತ್ತಲೇ ಇರಲಿಲ್ಲ. ಕೈಚಾಚಿ ಗಾಳಿಯಲ್ಲಿ ತಡಕಿ, ಮಗು ಸಿಕ್ಕಿದ ಮೇಲೆ ಬೆಚ್ಚಿ ಕೈ ಹಿಂತೆಗೆಯುತ್ತಿದ್ದರು. ಅದನ್ನೂ ಮಹಿಮೆ ಎಂದೇ ತಿಳಿದರು. ನಮ್ಮವರಿಗೂ ಒಳಗೊಳಗೇ ಹೆಮ್ಮೆ. ಪಾಳಿ ಮುಗಿಸಿ ಬಂದು, “ನಮ್ಮವ್ವಗ ಲಿಂಗಾ ಹೊಳ್ಯಾಕತ್ತೇತಿ” ಎನ್ನುತ್ತಿದ್ದರು. ನಾನೂ ಕೈ ಮುಗಿದೆ. ಅಂಜಿಕೆಗೂ ಭಕ್ತಿಗೂ ಕೈ ಮುಗಿಯುವುದು ಒಂದೇ ತರ, ಅದೊಂದು ಅನುಕೂಲ.

ಒಂದು ಮಧ್ಯಾಹ್ನ ಕಾರ್ಖಾನೆಯ ಭೋಂಗಾ ಕೂಗಿ, ಮೊದಲ ಪಾಳಿ ಬಿಟ್ಟು, ನಮ್ಮವರು ಮನೆಗೆ ಬಂದು ಉಂಡು ಒಳಗೆ ಅಡ್ಡಾಗಿದ್ದರು. ಅತ್ತೆ ಪಡಸಾಲೆಯಲ್ಲಿ ಗೋಡೆಗೊರಗಿ ಕಾಲು ಚಾಚಿ ಕುಳಿತಿದ್ದವರು ನನ್ನನ್ನು ಕರೆದರು.

“ತಂಗಿ, ಬಾಗಲಾ ಹಾಕ್ಕೊಂಡ ಬಾ. ಒಂದ ಮಾತ ಕೇಳ್ತೇನಿ, ಖರೇ ಹೇಳಬೇಕು.”

ಬಾಗಿಲು ಹಾಕಿ ಹತ್ತಿರ ಹೋದೆ.

“ನನಗ ಕಾಲ ಅದಾವೇನ ನೋಡು.”

“ಅದಾವಲ್ರಿ ಅತ್ತೀ.”

“ಮುಟ್ಟಿ ಹೇಳು.”

ಮುಟ್ಟಿದೆ. ತಣ್ಣಗಿದ್ದವು. ಅತ್ತೆ ಕಣ್ಣನ್ನು ದೊಡ್ಡದಾಗಿ ತೆರೆದು ತಮ್ಮ ಕಾಲಿರುವ ಕಡೆಯೇ ನೋಡುತ್ತಿದ್ದರು.

“ನಿನ್ನ ಕೈ ಹತ್ತಿದ್ದು ಗೊತ್ತಾತು. ಕಾಲು ಕಾಣವಲ್ದು. ಮಗಗೂ ಕಾಲಿಲ್ಲ. ಶಾಂತಾಬಾಯಿಗೂ ಇಲ್ಲ. ಬಾಗಲದಾಗ ನಿಂತು ಕೈ ಮುಗ್ಯಾವರು ಯಾರಿಗೂ ಇಲ್ಲ. ಬರೇ ಬೂದಿ ಬೂದಿ ನೀರಾಗ ನಿಂತಂಗ ಅದಾರ ಎಲ್ಲಾರೂ. ಮೊದಲ ಮೊಣಕಾಲಮಟಾ ಇತ್ತು, ಈಗ ಟೊಂಕಕ್ಕ ಬಂದೈತಿ. ಇಡೀ ಓಣಿ ಹಂಗ ಒಮ್ಮೆಲೆ ಸಾಯೂದಿಲ್ಲ. ಅಂದಮ್ಯಾಲ ಸತ್ತಾಕಿ ನಾನ ಇರಬೇಕು. ಹೌದಂದ್ರ ಹೌದನ್ನು, ನಾ ಅಳೂದಿಲ್ಲ.”

ನಾನು ಅತ್ತೆಯ ಕಾಲು ಹಿಡಿದುಕೊಂಡೇ ಗಟ್ಟಿಯಾಗಿ ಅತ್ತುಬಿಟ್ಟೆ. ನನ್ನ ದನಿಗೆ ನಮ್ಮವರು ಎದ್ದು ಬಂದರು. ಎಲ್ಲ ಕೇಳಿ, ಅವ್ವನ ಮುಂದೆ ಮಂಡಿಯೂರಿ, ತಮ್ಮ ಕೈಯನ್ನು ಅವರ ಹಣೆಯ ಮಟ್ಟಕ್ಕೆ ಹಿಡಿದರು. “ಕಾಣ್ತೈತೇನ ಯವ್ವಾ?” “ಕಾಣ್ತೈತಿ.” ಕೈಯನ್ನು ನಿಧಾನವಾಗಿ ಇಳಿಸಿದರು. ಮೂಗಿನ ಮಟ್ಟ ದಾಟುತ್ತಿದ್ದಂತೆ ಅತ್ತೆ, “ಮುಳುಗಿತು” ಎಂದರು.

ನಮ್ಮವರು ಹಾಗೆಯೇ ನೆಲಕ್ಕೆ ಕುಳಿತುಬಿಟ್ಟರು. “ಲಿಂಗಾ ಕಾಣಲಾರದಕ್ಕ ಕೈ ಏರಸಾಕತ್ತಿದ್ಲು ಅವ್ವ” ಎಂದರು. “ನಾವು ಕೈ ಮುಗದ್ವಿ.”

ಮಾರನೆಯ ದಿನ ಬೆಳಗಿನ ಬಸ್ಸಿಗೆ ಹಳಿಯಾಳದ ಮೇಲೆ ಹಾದು ಹುಬ್ಬಳ್ಳಿಗೆ ಹೋದೆವು. ದಾರಿಯುದ್ದಕ್ಕೂ ಅತ್ತೆ ಕಿಟಕಿಯಿಂದ ಆಕಾಶ, ಮರದ ತುದಿ ಇಷ್ಟನ್ನೇ ನೋಡುತ್ತ ಕುಳಿತಿದ್ದರು. ಅವರ ಊರಿನ ದಾರಿ ಬಂದಾಗ ನಾನು ಹೇಳಿದೆ. “ಆಲದಮರದ ನೆತ್ತಿ ಕಂಡ್ತು. ಊರು ಕಾಣಲಿಲ್ಲ” ಎಂದರು.

ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ಮೈಸೂರು ಕಡೆಯವರು. ಸಣ್ಣ ದೀಪ ಹಿಡಿದು ಎರಡೂ ಕಣ್ಣುಗಳ ಒಳಗೆ ಬಹಳ ಹೊತ್ತು ಇಣುಕಿದರು. ನಮ್ಮವರು, “ಪೊರೆ ಹಣ್ಣಾಗೇತೇನ್ರಿ?” ಎಂದು ಕೇಳುತ್ತಿದ್ದಂತೆಯೇ ಅತ್ತೆಯ ಕಣತಲೆಯ ಮೇಲೆ ಬೆರಳಿಟ್ಟರು. ಅತ್ತೆ ಹಾ ಎಂದು ಹಿಂದೆ ಸರಿದರು. ಆಗ ಡಾಕ್ಟರು ನಾವು ಯಾರೂ ನೆನೆಯದ ಪ್ರಶ್ನೆ ಕೇಳಿದರು.

“ಅಜ್ಜಿ, ಊಟ ಮಾಡುವಾಗ ದವಡೆ ಸೋತುಹೋಗುತ್ತಾ? ಅಗಿಯೋದನ್ನ ನಿಲ್ಲಿಸಿದರೆ ನೋವು ಕಡಿಮೆ ಆಗುತ್ತಾ?”

ನಾನೇ ನಡುವೆ ಬಾಯಿಹಾಕಿ, “ಹೌದ್ರಿ, ರೊಟ್ಟಿ ಗಟ್ಟಿ ಆಗಿರ್ತಾವಂತ...” ಎಂದೆ.

“ರೊಟ್ಟಿದೇನೂ ತಪ್ಪಿಲ್ಲಮ್ಮ. ಇದು ಪೊರೆ ಅಲ್ಲ. ಕಣ್ಣಿನ ಹಿಂದೆ, ನೋಟವನ್ನು ಒಳಗೆ ಒಯ್ಯುವ ನರ ಇದೆ. ಅದು ಬಾತುಕೊಂಡಿದೆ. ಅದಕ್ಕೆ ರಕ್ತ ಕೊಡೋ ನಾಳಕ್ಕೇ ಉರಿಯೂತ. ವಯಸ್ಸಾದವರಿಗೆ ಹೀಗಾಗೋದುಂಟು. ತಲೆನೋವು, ದವಡೆನೋವು, ಕಣ್ಣು, ಎಲ್ಲ ಒಂದೇ ಕಾಯಿಲೆ.”

ನಮ್ಮವರು ಕಷ್ಟಪಟ್ಟು ಹೇಳಿದರು, “ಹಣ್ಣಾಗ್ಲಿ ಅಂತ ಕಾದಿದ್ವಿರಿ.”

“ಇದು ಹಣ್ಣಾಗೋದಲ್ಲ, ಒಣಗಿಹೋಗೋದು” ಎಂದರು ಡಾಕ್ಟರು. ಬೈಯುವ ದನಿಯಲ್ಲಿ ಹೇಳಲಿಲ್ಲ, ಅದಕ್ಕೇ ಹೆಚ್ಚು ನೋಯಿತು. ಬಲಗಣ್ಣು ಇನ್ನು ಬರುವುದಿಲ್ಲ. ಎಡಗಣ್ಣಿನಲ್ಲಿ ಕೆಳಗಿನ ಅರ್ಧ ಹೋಗಿದೆ, ಅದೂ ಬರುವುದಿಲ್ಲ. ಮೇಲಿನ ಅರ್ಧ ಉಳಿದಿದೆ. ಗುಳಿಗೆ ಇವತ್ತೇ ಶುರುಮಾಡಬೇಕು, ಉಳಿದರೆ ಉಳಿಯಿತು. ಹೋಗುವಾಗ ನನ್ನನ್ನು ನಿಲ್ಲಿಸಿ, “ಇನ್ನೂ ಸ್ವಲ್ಪ ಮೊದಲು ಹೇಳಿದ್ದರೆ ಎಡಗಣ್ಣು ಪೂರ್ತಿ ಸಿಗುತ್ತಿತ್ತೇನೋ. ಯಾಕೆ ಮುಚ್ಚಿಟ್ಟರು?” ಎಂದರು. ನನಗೆ ಗೊತ್ತಿರಲಿಲ್ಲ.

ಅದಾದ ಮೇಲಿನ ದಿನಗಳಲ್ಲಿ ನಮ್ಮ ಮನೆಯ ಬೆಳಗು ಒಂದು ಪರೀಕ್ಷೆಯಿಂದ ಶುರುವಾಗುತ್ತಿತ್ತು. ನಾನು ಎದುರಿನ ಗೋಡೆಗೆ ಬೆನ್ನು ಹಚ್ಚಿ ನಿಲ್ಲುತ್ತಿದ್ದೆ. “ನೀರು ಎಲ್ಲಿಮಟಾ ಬಂತ್ರಿ ಅತ್ತೀ?” ಅತ್ತೆ ಬಹಳ ಹೊತ್ತು ನೋಡಿ ಹೇಳುತ್ತಿದ್ದರು. ಮೊದಲೆರಡು ದಿನ, “ಟೊಂಕದ ಮ್ಯಾಲೆ. ಎದಿ ಸನೇಕ” ಎಂದರು. ಆ ಎರಡು ದಿನ ನಮಗೆ ಅನ್ನ ಇಳಿಯಲಿಲ್ಲ. ಎದೆ ದಾಟಿದರೆ ಮುಖ. ಮುಖ ಮುಳುಗಿದರೆ ಅತ್ತೆಯ ಪಾಲಿಗೆ ನಾವು ಯಾರೂ ಇಲ್ಲ. ಮೂರನೆಯ ಬೆಳಿಗ್ಗೆ, “ಅಲ್ಲೇ ಐತಿ” ಎಂದರು. ಮರುದಿನವೂ ಅಲ್ಲೇ. ತಲೆಶೂಲೆ ಇಳಿಯಿತು, ದವಡೆ ಸಡಿಲವಾಯಿತು. ಒಂದು ವಾರ ಕಳೆಯುವಷ್ಟರಲ್ಲಿ ಒಣರೊಟ್ಟಿಯನ್ನು ಕಟಕಟನೆ ಕಡಿದು ತಿಂದ ಅತ್ತೆ ಕೊಟ್ಟ ತೀರ್ಪು: “ಡಾಕ್ಟರಗ ಏನ ಗೊತ್ತು? ರೊಟ್ಟಿ ಖರೇನ ಗಟ್ಟಿ ಅದಾವ.”

ನೀರು ಅಲ್ಲಿಯೇ ನಿಂತಿತು, ಮುಂದೆ ಎಂದೂ ಏರಲಿಲ್ಲ. ಅರ್ಧ ಲೋಕದೊಂದಿಗೆ ಬದುಕುವುದನ್ನು ಅತ್ತೆ ಕಲಿತರು, ಅವರಿಗಾಗಿ ನಾವೂ ಕಲಿತೆವು. ಏನನ್ನು ತೋರಿಸುವುದಿದ್ದರೂ ತಲೆಯ ಮಟ್ಟಕ್ಕೆ ಎತ್ತಿ ಹಿಡಿಯಬೇಕು. ಮುಂದೆ ನನಗೆ ಮಗ ಹುಟ್ಟಿದಾಗ ತೊಡೆಯ ಮೇಲೆ ಮಲಗಿಸಿದ ಕೂಸನ್ನು ಸವರುತ್ತ, “ಎತ್ತು, ಎತ್ತು, ಮುಳುಗ್ತೈತಿ ಕೂಸು” ಎಂದರು. ನಮ್ಮವರು ಎತ್ತಿ ಹಿಡಿದರು. ಅತ್ತೆ ಒಂದೇ ಕಣ್ಣಿನ ಅರ್ಧದಿಂದ ಅದರ ಮುಖವನ್ನು ನೋಡಿದ್ದನ್ನು ನೀವು ನೋಡಬೇಕಾಗಿತ್ತು. ಆ ಹೊತ್ತಿಗೆ ಚಾಳಿನ ಹೆಂಗಸರು ಬೆಳಿಗ್ಗೆ ಬಂದು ಕೈ ಮುಗಿಯುವುದು ನಿಂತಿತ್ತು. ಶಾಂತಾಬಾಯಿ ಮಾತ್ರ ಬಿಡಲಿಲ್ಲ. “ಅರ್ಧಾ ಕಣ್ಣು ಉಳಸ್ಯಾನಲ್ಲ ದೇವರು!” ಎಂದು ಅದಕ್ಕೇ ಬೇರೆ ಮಹಿಮೆ ಹಚ್ಚಿದಳು.

ಡಾಕ್ಟರು ಕೇಳಿದ ಪ್ರಶ್ನೆ ಉಳಿದಿತ್ತು. ಅದನ್ನು ನಾನು ಅತ್ತೆಗೆ ಕೇಳಿದ್ದು ಹುಬ್ಬಳ್ಳಿಯಿಂದ ಬಂದು ಕೆಲವು ದಿನಗಳಾದ ಮೇಲೆ, ಹಿತ್ತಲ ಬಿಸಿಲಿನಲ್ಲಿ ಅವರ ತಲೆ ಬಾಚುವಾಗ. ಬಾಚಣಿಕೆ ಈಗ ನೋಯಿಸುತ್ತಿರಲಿಲ್ಲ.

“ಅತ್ತೀ, ಮೊದಲ ಯಾಕ ಹೇಳಲಿಲ್ಲರಿ?”

“ನಗಬಾರದು ಮತ್ತ” ಎಂದರು. “ಮೊದಲ ಕಾಲು ಕಾಣಲಾರದಂಗ ಆಗಿದ್ದು ನಿನ್ನವು. ದಿನವಿಡೀ ಮನ್ಯಾಗ ನಾವಿಬ್ಬರ ಅಲಾ? ನೀ ಜ್ವರದಾಗ ತಣ್ಣಗಾಗಿದ್ದಿ. ನಾ ಹತ್ತಿ ಹಿಡದು ನೋಡಿದ್ನಿ, ಅಳಗ್ಯಾಡಿದ್ದಿಲ್ಲ. ನಂತರ ನೀ ಎದ್ದಿ. ಮಾರಿ ಬೆಳ್ಳಗ, ಕೆಳಗ ಕಾಲಿಲ್ಲ. ಹುಡುಗಿ ಅವತ್ತ ಹೋಗಿಬಿಟ್ಟಾಳ, ಪಾಪ, ತಾ ಹೋಗಿದ್ದು ತನಗ ಗೊತ್ತಾಗಿಲ್ಲ ಅಂತ ತಿಳದ್ನಿ.”

ನಾನು ನಕ್ಕೇಬಿಟ್ಟೆ. ಅತ್ತೆ ನಗಲಿಲ್ಲ.

“ಮಗನ ಮುಂದ ಹೇಳಿದ್ರ ಅಂವ ಹೌಹಾರ್ತಾನ. ಮಂತ್ರಾ ಹಾಕಾವ್ನ ಕರಸ್ತಾರ, ಬೇವಿನ ತಪ್ಪಲಲೆ ಹೊಡದು ನಿನ್ನ ಹೊರಗ ಹಾಕ್ತಾರ. ಎಲ್ಲಿಗಂತ ಹೋಗ್ತಿ ನೀನು? ಮೊದಲ ಅಂಜಬುರಕಿ. ಅದಕ್ಕ ಗೆಜ್ಜಿ ಕೊಟ್ನಿ, ಸಪ್ಪಳಾ ಕೇಳಿದ್ರ ಮಂದಿ ಕಾಲ ಅದಾವ ಅಂತ ತಿಳಕೋತಾರ, ಕೆಳಗ ನೋಡೂದಿಲ್ಲ. ಲಾಳಾ ದಾಟಿ ಒಳಗ ಬರೂದು ನಿನಗ ಕಷ್ಟ ಆಗಬಾರದು, ಲೋಬಾನದ ಹೊಗಿ ನಿನಗ ಹತ್ತಬಾರದು. ಹಿಂಗ ಒಂದೊಂದ ತಗದ್ನಿ.”

ಬಾಚಣಿಕೆ ನನ್ನ ಕೈಯಲ್ಲೇ ನಿಂತಿತು. ನಗು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅವರ ಕಣ್ಣಲ್ಲಿ ಮಬ್ಬು ಮೊಣಕಾಲಿನಿಂದ ಸೊಂಟಕ್ಕೆ ಏರುತ್ತಿದ್ದ ಅಷ್ಟೂ ದಿನ, ಒಂದು ಮಾತು ಆಡಿದ್ದರೆ ಕಣ್ಣು ಉಳಿಯಬಹುದಾಗಿದ್ದ ಅಷ್ಟೂ ದಿನ, ಅವರು ಆಡದೆ ಉಳಿದದ್ದು ನನ್ನನ್ನು ಮನೆಯಲ್ಲಿ ಉಳಿಸಿಕೊಳ್ಳಲು. ಸತ್ತ ಸೊಸೆಯ ಕೈಯಿಂದ ಚಹಾ ತೆಗೆದುಕೊಂಡು, ಸತ್ತವಳಿಗೇ ಉಂಡೆಯಾ ಎಂದು ಕೇಳುತ್ತಿದ್ದರು. ನನಗೆ ಅತ್ತೆಯ ಮೇಲೆ ಸಿಟ್ಟು ಬಂತು, ಅಳುವೂ ಬಂತು. ಎರಡೂ ಒಟ್ಟಿಗೆ ಬಂದರೆ ಮನುಷ್ಯ ಏನು ಮಾಡುತ್ತಾನೆ? ಅವರ ಜಡೆಯನ್ನು ಬಿಚ್ಚಿ ಮತ್ತೆ ಮೊದಲಿನಿಂದ ಹೆಣೆದೆ.

“ನಿಮಗ ಅಂಜಿಕಿ ಆಗಲಿಲ್ಲೇನ್ರಿ?”

“ಮೊದಮೊದಲ ಆತು. ಆಮ್ಯಾಲ ರೂಢಿ ಆತು. ನೀನ ಅಲಾ, ಬ್ಯಾರೆ ಯಾರರ ಆಗಿದ್ರ ಮಾತ ಬ್ಯಾರೆ.”

“ನಾ ಖರೇನ ಸತ್ತಿದ್ರ ಎಲ್ಲೀಮಟಾ ಇಟ್ಕೋತಿದ್ರಿ?”

ಅತ್ತೆ ನನ್ನ ಕಡೆ ತಿರುಗಿದರು. ಮುಖ ಕಾಣಲೆಂದು ಗದ್ದ ತಗ್ಗಿಸಿದರು.

“ನೀ ಇರೂಮಟಾ” ಎಂದರು.

ಅತ್ತೆ ಹೋಗಿ ಬಹಳ ವರ್ಷಗಳಾದವು. ನಮ್ಮವರೂ ಹೋದರು. ಈಗ ಧಾರವಾಡದ ಈ ಮನೆಯಲ್ಲಿ ಮಗ ಸೊಸೆ ಹೊರಗೆ ಹೋದಮೇಲೆ ಹಗಲೆಲ್ಲ ನಾನೊಬ್ಬಳೇ. ನಡುಮನೆಯಲ್ಲಿ ಯಾರೋ ಬಂದು ಕುಳಿತಂತೆ ಒಮ್ಮೊಮ್ಮೆ ಅನಿಸುತ್ತದೆ. ವಯಸ್ಸಿನ ಭ್ರಮೆ ಎನ್ನಿ, ನಾನು ಜಗಳ ಮಾಡುವುದಿಲ್ಲ. ಮೊದಲಾಗಿದ್ದರೆ ಚೀರಿಕೊಂಡು ಬೀದಿಗೆ ಓಡುತ್ತಿದ್ದೆ. ಈಗ ಎದ್ದು ಹೋಗಿ ನೋಡುವುದೂ ಇಲ್ಲ. ಯಾರಾದರೇನು, ಮನೆಗೆ ಬಂದವರು. ಅಡುಗೆಮನೆಯಿಂದಲೇ ಕೇಳುತ್ತೇನೆ, “ಊಟಾ ಆತೇನ್ರಿ?”